ಕತ್ತರಿ ಹಾಕದ ಶೆದ್ಲಿ

ಶೆದ್ಲಿ ಯಾರೊಡನೆ ಮಾತನಾಡುವುದಿದ್ದರೂ ಮೊದಲು ಅವರನ್ನು ನಿಂತ ಜಾಗದಿಂದ ಸರಿಸುತ್ತಿದ್ದ. ಭುಜ ಹಿಡಿದು ಒಂದಿಷ್ಟು ಎಡಕ್ಕೋ ಬಲಕ್ಕೋ ನೂಕಿ, ಬಿಸಿಲು ಎತ್ತಲಿಂದ ಬೀಳುತ್ತಿದೆ ಎಂಬುದನ್ನು ತನ್ನ ಕೆನ್ನೆಯ ಮೇಲೆ ಅಳೆದುಕೊಂಡು, "ಹಾಂ, ಈಗ ಮುಖಕ್ಕೆ ಬೆಳಕು ಬಂತು, ಇನ್ನು ಹೇಳಿ" ಎನ್ನುತ್ತಿದ್ದ. ಆ ಮುಖವಾಗಲೀ ಆ ಬೆಳಕಾಗಲೀ ಅವನಿಗೆ ಕಾಣುತ್ತಿರಲಿಲ್ಲ. ನಮ್ಮ ಬಂದರೂರು ಬಿಜೆರ್ತದ ಮೀನು ಪೇಟೆಯಲ್ಲಿ ಬುಟ್ಟಿ ಹೊತ್ತವರನ್ನೂ ಹೀಗೆಯೇ ತಿರುಗಿಸಿ ನಿಲ್ಲಿಸಿ ಬೈಸಿಕೊಳ್ಳುತ್ತಿದ್ದ. ಬೈಗುಳ ಕೇಳಿ ನಕ್ಕುಬಿಡುತ್ತಿದ್ದ. ಕುರುಡನೊಬ್ಬ ತಮ್ಮನ್ನು ಬೆಳಕಿಗೆ ನಿಲ್ಲಿಸುವುದನ್ನು ಕಂಡು ನಗದೆ ಇರುವುದು ಬೈದವರಿಗೂ ಕಷ್ಟವಾಗುತ್ತಿತ್ತು.

ನಾನು ಅವನಿಗೆ ಶಾಲೆಯಲ್ಲಿ ಅರಬಿ ಕಲಿಸಿದವನು. ಪದ್ಯ ಬಾಯಿಪಾಠ ಮಾಡದೆ ಬಂದು, ಕೇಳಿದರೆ ಪದ್ಯದಲ್ಲಿ ಬರುವ ಕುದುರೆಯ ಬಣ್ಣ, ಮರಳಿನ ಬಣ್ಣ ಇವುಗಳನ್ನೇ ವರ್ಣಿಸಿ ತಪ್ಪಿಸಿಕೊಳ್ಳುತ್ತಿದ್ದ ಹುಡುಗ. ಬೆಳೆದು ಮದುವೆಗಳ ಚಿತ್ರ ತೆಗೆಯುವವನಾದ. ಅವನ ಕ್ಯಾಮೆರಾ ಬರದೆ ನಮ್ಮೂರಿನಲ್ಲಿ ವಧು ಪೀಠ ಹತ್ತಿದ್ದಿಲ್ಲ ಎನ್ನುವಷ್ಟು ಹೆಸರಾಯಿತು. ಕಣ್ಣು ಹೋಗಲು ತೊಡಗಿದ್ದು ಆಗಲೇ. ಹೋದದ್ದು ನಡುವಿನಿಂದಲ್ಲ, ಅಂಚಿನಿಂದ. ಕಿಟಕಿಯ ಪರದೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಎಳೆದ ಹಾಗೆ. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದು ಅವನು ತೆಗೆದ ಚಿತ್ರಗಳು. ವಧುವಿರುತ್ತಿದ್ದಳು, ವರನಿರುತ್ತಿದ್ದ, ಆದರೆ ಪಕ್ಕದಲ್ಲಿ ನಿಂತ ಸೋದರತ್ತೆಗೆ ಅರ್ಧ ಮುಖ, ಚಿಕ್ಕಪ್ಪನಿಗೆ ಬರೀ ತೋಳು, ಅಜ್ಜಿಯಂತೂ ಮದುವೆಗೆ ಬಂದೇ ಇಲ್ಲ. "ನಮ್ಮತ್ತೆ ಏನು ಮಾಡಿದ್ಲೋ ನಿಂಗೆ? ಕುಡಿದಿದ್ಯಾ?" ಎಂದು ಜನ ಅಂಗಡಿಗೆ ಬಂದು ಜಗಳ ತೆಗೆದರು. ಕುಡಿದಿದ್ದೆ ಎಂದು ಅವನು ಒಪ್ಪಿಕೊಂಡ. ಕುಡುಕ ಎನ್ನಿಸಿಕೊಂಡರೂ ಆದೀತು, ಕುರುಡ ಎನ್ನಿಸಿಕೊಳ್ಳಲಾರೆ ಎಂಬ ಛಲ ಅವನಲ್ಲಿ ಒಂದಷ್ಟು ಕಾಲ ಇತ್ತು.

ಆ ಛಲ ಮುರಿದ ಮೇಲೆ ಅವನು ಕಿರುಚಿತ್ರಗಳನ್ನು ಮಾಡಲು ಹೊರಟ. ಬಂದರಿನ ಬಳಿ ಹಳೆಯ ನಾವಿಕರ ಸಂಘಕ್ಕೆ ಸೇರಿದ, ಹಿಂದೆ ಕುಣಿತಕ್ಕೆಂದು ಮರದ ನೆಲ ಹಾಸಿದ್ದ ಒಂದು ಸಭಾಂಗಣವಿತ್ತು. ಅಲ್ಲಿಗೆ ಊರಿನ ಕುಂಟರು, ಕುರುಡರು, ಕಿವುಡರು, ಮಾತು ತೊದಲುವವರು, ಮನೆಯವರು ಹಬ್ಬದ ದಿನ ಒಳಕೋಣೆಗೆ ಕಳುಹಿಸುವಂಥವರೆಲ್ಲ ಸೇರತೊಡಗಿದರು. ಅವರೇ ನಟರು, ಅವರೇ ಕೆಲಸಗಾರರು. ಉಬ್ಬಸ ಬಿಟ್ಟರೆ ಬೇರೆ ಯಾವ ಊನವೂ ಇಲ್ಲದ ನನ್ನನ್ನು ಸಂಭಾಷಣೆ ಬರೆಯಲು ಕರೆದ. ಬರೆದುಕೊಟ್ಟೆ. ಓದಿಸಿ ಕೇಳಿ, "ಮೇಷ್ಟ್ರೇ, ಪುಸ್ತಕಾನೇ ಎದ್ದು ಬಂದು ಮಾತಾಡಿದ ಹಾಗಿದೆ" ಎಂದು ಹೇಳಿ ಪಕ್ಕಕ್ಕಿಟ್ಟ. ಆಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದದ್ದು ಚಹಾ ಕುಡಿಯಲು ಮತ್ತು ನೋಡಲು.

ಅವನು ಕೆಲಸ ಮಾಡುವ ರೀತಿ ನೋಡುವಂತೆಯೇ ಇತ್ತು. ಛಾಯಾಗ್ರಾಹಕ ತುಹಾಮಿ, ಸೊಂಟದಿಂದ ಕೆಳಗೆ ಬಲವಿಲ್ಲದ, ಬಾಯಿಗೆ ಮಾತ್ರ ಬೀಗವಿಲ್ಲದ ನಡುವಯಸ್ಸಿನವನು. ಗಾಲಿಕುರ್ಚಿಯ ಕೈಗೆ ಕ್ಯಾಮೆರಾ ಬಿಗಿದುಕೊಂಡು ನಯವಾದ ಮರದ ನೆಲದ ಮೇಲೆ ತೇಲಿ ಬರುತ್ತಿದ್ದ. ಪ್ರತಿಯೊಂದು ದೃಶ್ಯವನ್ನೂ ಅವನು ಶೆದ್ಲಿಗೆ ಬಾಯಲ್ಲಿ ಹೇಳಬೇಕು. ಶೆದ್ಲಿಯನ್ನು ಅವನು ಕರೆಯುತ್ತಿದ್ದದ್ದು 'ಸೀ' ಸೇರಿಸಿ, ನಮ್ಮಲ್ಲಿ ಯಜಮಾನರೇ ಎಂದ ಹಾಗೆ.

"ಚೆನ್ನಾಗಿದೆ, ಸೀ ಶೆದ್ಲಿ."

"ಚೆನ್ನಾಗಿದೆ ಅಂತ ನಿಮ್ಮತ್ತೆ ಮಾಡಿದ ಸಾರಿಗೆ ಹೇಳು. ಇಲ್ಲಿ ಏನು ಕಾಣ್ತಿದೆ ಹೇಳು."

"ಒಬ್ಬಳು ಕೂತಿದಾಳೆ."

"ಹೇಗೆ ಕೂತಿದಾಳೆ?"

"ಬಸ್ಸಿಗೆ ಕಾಯೋಳ ಹಾಗೆ. ಆದ್ರೆ ಬಸ್ಸು ಬರಲ್ಲ ಅಂತ ಗೊತ್ತಿರೋಳ ಹಾಗೆ."

"ಹಾಂ! ಇದು. ಇದನ್ನ ಇಟ್ಕೋ."

ತುಹಾಮಿಯ ಮಾತು ಸಪ್ಪೆಯಾದರೆ ದೃಶ್ಯವೂ ಸಪ್ಪೆ, ಮತ್ತೆ ತೆಗೆಯಬೇಕು. ದೃಶ್ಯ ಆರಂಭಿಸುವಾಗ ಶೆದ್ಲಿ ಕೂಗುತ್ತಿರಲಿಲ್ಲ. ಹಿಮ್ಮಡಿಯಿಂದ ನೆಲವನ್ನು ದಡದಡ ಗುದ್ದುತ್ತಿದ್ದ. ಆ ನಡುಕ ಹಲಗೆಯ ಮೂಲಕ ಹೋಗಿ ಕಿವುಡರ ಅಂಗಾಲಿಗೆ ಮುಟ್ಟುತ್ತಿತ್ತು. ಚಳಿಗಾಲದಲ್ಲಿ ತೊಡುವ ಕಂದು ಉಣ್ಣೆಯ ಕುಲಾವಿ ಅಂಗಿಯನ್ನು ಬೇಸಗೆಯಲ್ಲೂ ಬಿಡದೆ ತೊಟ್ಟು, ಬೆವರುತ್ತ, ಕಿವಿಗೆ ಮಲ್ಲಿಗೆಯ ಕುಚ್ಚು ಸಿಕ್ಕಿಸಿಕೊಂಡು ಅವನು ಆ ನೆಲವನ್ನು ಗುದ್ದುವಾಗ ಒಬ್ಬ ಪುಟ್ಟ ಸುಲ್ತಾನನಂತೆ ಕಾಣುತ್ತಿದ್ದ.

ಅವನ ನಿಯಮಗಳು ಕೆಲವೇ, ಆದರೆ ಕಲ್ಲಿನಂಥವು. ಒಬ್ಬರ ಮಾತನ್ನು ಇನ್ನೊಬ್ಬರು ಆಡಿ ಮುಗಿಸಬಾರದು. ತೊದಲುವವನು ತೊದಲಿಯೇ ಮುಗಿಸಲಿ, ನೋಡುವವರು ಕಾಯಲಿ. ಮರುಕದ ಪಿಟೀಲು ಬಾರಿಸಬಾರದು. ಕೈಭಾಷೆಯಲ್ಲಿ ಆಡಿದ ಮಾತಿಗೆ ಅಡಿಬರಹ ಹಾಕಬಾರದು: "ನಾವು ಇಷ್ಟು ದಿನ ಅರ್ಥ ಆಗದೆ ಕೂತಿಲ್ವಾ? ಒಂದು ದಿನ ಅವರೂ ಕೂರಲಿ." ಮತ್ತೊಂದು ನಿಯಮ ಮದುವೆಯ ಚಿತ್ರಗಳ ಕಾಲದ್ದು. ನಮ್ಮಲ್ಲಿ ಮದುವೆಯ ಚಿತ್ರವನ್ನು ಮನೆಯವರು, ನೆಂಟರು, ನೆರೆಯವರು ಒಟ್ಟಿಗೆ ಕುಳಿತೇ ಮೊದಲ ಸಲ ನೋಡುವುದು. ಮೊದಲೇ ನೋಡಿದರೆ ಅದು ಅಪಶಕುನವೆಂದು ಹಿರಿಯ ಹೆಂಗಸರು ಹೇಳುತ್ತಾರೆ. ಶೆದ್ಲಿಯ ಕಿರುಚಿತ್ರಗಳಿಗೂ ಅದೇ ಕಟ್ಟಳೆ. ಅವನೂ ತುಹಾಮಿಯೂ ಬಿಟ್ಟರೆ, ನಟಿಸಿದವರೂ ಸೇರಿದಂತೆ ಯಾರೂ ಚಿತ್ರವನ್ನು ಪ್ರದರ್ಶನಕ್ಕೆ ಮುನ್ನ ನೋಡುವಂತಿಲ್ಲ. ಈ ಎರಡು ಕೊನೆಯ ನಿಯಮಗಳು ಸೇರಿಯೇ ದಲಂದಾಳಿಗೆ ಅನ್ಯಾಯವಾದದ್ದು.

ದಲಂದಾ ಹುಟ್ಟು ಕಿವುಡಿ. ಮದುವೆಯ ಉಡುಗೆಗಳಿಗೆ ಜರಿ ಹೊಲಿಯುವ ಅಂಗಡಿಯಲ್ಲಿ ಕೆಲಸ. ಅವಳು ಕೈಯಾಡಿಸಿ ಮಾತಾಡುವಾಗ ಹುಬ್ಬು, ಭುಜ, ಬೆರಳು ಎಲ್ಲವೂ ಒಂದೇ ವಾಕ್ಯದೊಳಗೆ ಓಡಾಡುತ್ತಿದ್ದವು. ಶೆದ್ಲಿ ಅವಳ ಆ ವೇಗವನ್ನು ಗಾಳಿಯ ಸದ್ದಿನಲ್ಲೇ ಗುರುತಿಸಿದ್ದ. "ಈ ಹುಡುಗಿ ಮಾತಾಡಿದ್ರೆ ತೋಳಿನ ಬಟ್ಟೆ ಪಟಪಟ ಅನ್ನುತ್ತೆ. ಇವಳೇ ನನ್ನ ನಾಯಕಿ." ಅವಳ ತಂಗಿ ಫಾತೆನ್ ಕಿವಿ ಕೇಳುವವಳು, ಅಕ್ಕನ ಕೈಮಾತನ್ನು ಶೆದ್ಲಿಗೆ ದನಿಮಾತು ಮಾಡುವವಳು ಅವಳೇ.

ಆ ಚಿತ್ರದ ಕಲ್ಪನೆ ಬಲು ಚೆಂದದ್ದಾಗಿತ್ತು ಎಂದು ಇಷ್ಟೆಲ್ಲ ಆದ ಮೇಲೂ ನಾನು ಹೇಳಲೇಬೇಕು. ಹಡಗು ಬಂದಾಗ ನಮ್ಮ ಕಾಲುವೆಯ ಸೇತುವೆಯನ್ನು ಎತ್ತುತ್ತಾರೆ. ಆಗ ಈಚೆ ದಡದವರು ಈಚೆ, ಆಚೆಯವರು ಆಚೆ. "ಸೇತುವೆ ಎತ್ತಿದಾಗ ಊರಿಗೆ ಊರೇ ನಮ್ಮ ಹಾಗೆ ಆಗ್ತದೆ ಮೇಷ್ಟ್ರೇ. ಏನೂ ಮಾಡೋಕಾಗಲ್ಲ, ಕಾಯ್ತದೆ" ಎಂದ ಶೆದ್ಲಿ. ಚಿತ್ರದಲ್ಲಿ ಈಚೆ ದಡದವರು ಆಚೆಯವರನ್ನು ಕೂಗಿ ಕರೆಯುತ್ತಾರೆ. ಗಾಳಿಗೂ ಹಡಗಿನ ಸದ್ದಿಗೂ ಯಾರ ಕೂಗು ಯಾರಿಗೂ ತಲುಪದು. ಕಿವುಡಿಯೊಬ್ಬಳು ಮಾತ್ರ ಆಚೆ ದಡದ ತನ್ನ ಪ್ರಿಯನೊಡನೆ ಕೈಯಾಡಿಸಿ ನಿರಾತಂಕವಾಗಿ ಮಾತಾಡುತ್ತಾಳೆ. ಅಷ್ಟೇ ಕಥೆ.

ಪ್ರಿಯನನ್ನು ಚಿತ್ರದಲ್ಲಿ ತೋರಿಸುವುದಿರಲಿಲ್ಲ. ಅವನ ಬದಲು ಆಚೆ ದಡದಲ್ಲಿ ದಲಂದಾಳ ಹಾಗೆಯೇ ಕಿವುಡಿಯಾದ ಅವಳ ಗೆಳತಿಯನ್ನು ನಿಲ್ಲಿಸಿದ್ದರು. ಬೆಳಗಿನಿಂದ ಹಡಗಿಗೆ ಕಾದು ಎಲ್ಲರೂ ಹಸಿದಿದ್ದರು. ಫಾತೆನ್ ಬ್ರೆಡ್ಡು ತರಲೆಂದು ಪೇಟೆಗೆ ಹೋಗಿದ್ದಳು. ಅಷ್ಟರಲ್ಲಿ ಎಚ್ಚರಿಕೆಯ ಕಹಳೆ ಕೂಗಿತು, ಸೇತುವೆ ಏಳತೊಡಗಿತು. ಬಯಲಿನಲ್ಲಿ ಚಿತ್ರ ತೆಗೆಯುವಾಗ ತುಹಾಮಿ ಕೆಂಪು ಕರವಸ್ತ್ರ ಬೀಸಬೇಕೆಂಬ ಏರ್ಪಾಡಿತ್ತು. ಆದರೆ ಶೆದ್ಲಿ ಅಭ್ಯಾಸಬಲದಿಂದ ಹಿಮ್ಮಡಿ ಗುದ್ದಿದ. ಸಭಾಂಗಣದಲ್ಲಿ ಆ ಗುದ್ದಿಗೇ ಕ್ಯಾಮೆರಾ ಒತ್ತಿ ರೂಢಿಯಾಗಿದ್ದ ತುಹಾಮಿ ಕರವಸ್ತ್ರ ಮರೆತು ಕ್ಯಾಮೆರಾ ಒತ್ತಿದ. ಬಂದರಿನ ಕಲ್ಲುಚಪ್ಪಡಿ ಮರದ ಹಲಗೆಯಲ್ಲ. ದಲಂದಾಳ ಅಂಗಾಲಿಗೆ ಏನೂ ಮುಟ್ಟಲಿಲ್ಲ. ದೃಶ್ಯ ಇನ್ನೂ ಆರಂಭವಾಗಿಲ್ಲ ಎಂದುಕೊಂಡು ಅವಳು ಬೇಸರ ಕಳೆಯಲು ಆಚೆ ದಡದ ಗೆಳತಿಯೊಡನೆ ಮನಸ್ಸಿನ ಮಾತನ್ನು ಆಡತೊಡಗಿದಳು. ಉಳಿದ ಕಿವುಡರಿಗೆ ಆ ದಿನ ಕೆಲಸವಿರಲಿಲ್ಲವಾಗಿ ಅವರು ಬಂದಿರಲಿಲ್ಲ; ಸುತ್ತ ನೂರು ಜನರಿದ್ದರೂ ಕೈಮಾತು ಬಲ್ಲವರು ಒಬ್ಬರೂ ಇರಲಿಲ್ಲ. ಮುಚ್ಚಿದ ಕೋಣೆಗಿಂತ ಭದ್ರವಾದ ಜಾಗ ಅದು.

"ಏನು ಕಾಣ್ತಿದೆ?" ಎಂದ ಶೆದ್ಲಿ.

ತುಹಾಮಿಯ ದನಿಯೇ ಬದಲಾಗಿತ್ತು. "ಸೀ ಶೆದ್ಲಿ, ಅವಳ ಕೈ ಹಾರ್ತಿದೆ. ಮೊದಲು ನಗ್ತಿದ್ಲು. ಈಗ ಮುಖ ಉರೀತಿದೆ. ಇವಳನ್ನ ನಾನು ಹೀಗೆ ಯಾವತ್ತೂ ನೋಡಿಲ್ಲ. ಎದೇಲಿರೋದನ್ನ ಕಿತ್ತು ಎಸೀತಿರೋ ಹಾಗೆ."

"ನಿಲ್ಲಿಸಬೇಡ. ದೇವರಾಣೆ ನಿಲ್ಲಿಸಬೇಡ."

ಫಾತೆನ್ ಬ್ರೆಡ್ಡು ಹಿಡಿದು ಬರುವ ಹೊತ್ತಿಗೆ ಸೇತುವೆ ಇಳಿದಿತ್ತು. ಶೆದ್ಲಿ ಎಲ್ಲರನ್ನೂ ಅಪ್ಪಿಕೊಳ್ಳುತ್ತಿದ್ದ. ದಲಂದಾಳನ್ನೂ ಹುಡುಕಿ ಹಣೆಗೆ ಮುತ್ತಿಟ್ಟ. ಆ ಗದ್ದಲದಲ್ಲಿ ಏನು ತೆಗೆದರೆಂದು ಅವಳಿಗಾಗಲೀ ಫಾತೆನ್‌ಗಾಗಲೀ ಯಾರೂ ಹೇಳಲಿಲ್ಲ. ಸೇತುವೆ ಎದ್ದಿಳಿದದ್ದನ್ನಷ್ಟೇ ತೆಗೆದಿರಬೇಕು, ಇನ್ನು ಮನೆಗೆ ಹೋಗಬಹುದು ಎಂದು ಅವಳಿಗೂ ಸಂತೋಷವಾಯಿತು.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಮೊದಲ ಸಾಲು ಎಂದಿನಂತೆ ಕಿವುಡರದು; ದಲಂದಾಳೂ ಅಲ್ಲೇ. ಅವಳ ತಾಯಿ ಬಹಿಜಾ ಹಬ್ಬದ ಬಿಳಿ ಹೊದಿಕೆ ಹೊದ್ದು ನನ್ನ ಪಕ್ಕದಲ್ಲಿ ಕುಳಿತು, ಮಗಳು ತೆರೆಯ ಮೇಲೆ ಬಂದಾಗಲೆಲ್ಲ ನನ್ನ ಮೊಣಕೈ ತಿವಿಯುತ್ತಿದ್ದಳು. ಸೇತುವೆ ಎದ್ದಿತು. ದಲಂದಾ ಕೈಯಾಡಿಸತೊಡಗಿದಳು. ಮೊದಲ ಸಾಲು ಗೊಳ್ಳೆಂದು ನಕ್ಕಿತು. ಆಮೇಲೆ ಆ ನಗು ನಿಂತಿತು. ನಿಂತ ರೀತಿ ಸರಿಯಿರಲಿಲ್ಲ. ಒಬ್ಬೊಬ್ಬರಾಗಿ ಅವರು ದಲಂದಾಳ ಕಡೆಗೆ ತಿರುಗಿದರು, ಆಮೇಲೆ ಬಹಿಜಾಳ ಕಡೆಗೆ ತಿರುಗಿದರು. ಏನೂ ತಿಳಿಯದ ಉಳಿದ ಸಭೆ ಆ ಕೈಗಳ ಚೆಲುವಿಗೆ ಮಾರುಹೋಗಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಬಹಿಜಾ. "ನೋಡಿದ್ರಾ ಮೇಷ್ಟ್ರೇ, ನನ್ನ ಮಗಳು! ಏನು ಹೇಳ್ತಿದಾಳೋ, ಎಷ್ಟು ಚೆನ್ನಾಗಿ ಹೇಳ್ತಿದಾಳೆ!" ದಲಂದಾ ಎದ್ದು ಬಾಗಿಲಿನತ್ತ ಓಡಿದ್ದು ಅವಳಿಗೆ ಕಾಣಲಿಲ್ಲ.

ಅವಳು ಹೇಳಿದ್ದೇನೆಂದು ಹೊರಗೆ ಗಲ್ಲಿಯಲ್ಲಿ ಫಾತೆನ್ ನನಗೂ ಶೆದ್ಲಿಗೂ ತಿಳಿಸಿದಳು. ನಕ್ಕದ್ದು ಈ ಮಾತಿಗೆ: 'ಈ ಕುರುಡಯ್ಯ ಬೆಳಗಿನಿಂದ ನನ್ನನ್ನ ಪ್ರಿಯನಿಗೆ ಕಾಯೋಕೆ ನಿಲ್ಲಿಸಿದಾನೆ, ಚಪ್ಪಲಿ ಕಚ್ತಿದೆ.' ನಗು ನಿಂತದ್ದು ಇದಕ್ಕೆ: 'ಪ್ರಿಯ ಬಂದಿದ್ದ ಕಣೇ, ಹೋದ ತಿಂಗಳು, ಅವನಮ್ಮನ ಜೊತೆ. ಮಕ್ಕಳೂ ಕಿವುಡಾದ್ರೆ ಏನ್ಮಾಡೋದು ಅಂತ ಅವಳು ಕೇಳಿದ್ಲು. ಮಕ್ಕಳೇ ಆಗದ ಹಾಗೆ ಮಾಡಿಸಿ ಕೊಡ್ತೀವಿ, ಹೇಗಾದ್ರೂ ಒಪ್ಕೊಳ್ಳಿ ಅಂದ್ಲು ನಮ್ಮಮ್ಮ. ನಾನು ಕಾಫಿ ತಟ್ಟೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ನಂಗೆ ತುಟಿ ಓದೋಕೆ ಬರುತ್ತೆ ಅಂತ ಅಮ್ಮಂಗೆ ಇವತ್ತಿಗೂ ಗೊತ್ತಿಲ್ಲ.'

ಮರುದಿನ ದಲಂದಾ ತಂಗಿಯೊಡನೆ ಶೆದ್ಲಿಯ ಅಂಗಡಿಗೆ ಬಂದಳು. ನಾನೂ ಇದ್ದೆ, ತುಹಾಮಿಯೂ ಇದ್ದ.

"ಆ ತುಂಡನ್ನ ತೆಗೆದುಬಿಡಿ" ಎಂದವು ಅವಳ ಕೈಗಳು. ಫಾತೆನ್ ಅದನ್ನು ಹೆಚ್ಚು ಕಡಿಮೆ ಇಲ್ಲದೆ ದನಿ ಮಾಡಿದಳು.

"ಅದು ಸಿನಿಮಾದ ಪ್ರಾಣ ಕಣಮ್ಮ."

"ಪ್ರಾಣ ನಂದು."

"ನೀನು ಇಷ್ಟು ದಿನ ಆಡಿದ್ದೆಲ್ಲ ನಾನು ಹೇಳಿಕೊಟ್ಟಿದ್ದು. ಇದೊಂದು ನಿಂದೇ ಮಾತು. ನಿಜವಾದ ಮಾತು. ಅದನ್ನ ಕತ್ತರಿಸು ಅಂತ ನೀನೇ ಹೇಳ್ತೀಯಾ?"

"ನಾನು ನನ್ನ ಗೆಳತಿಗೆ ಹೇಳಿದೆ. ನಿಮಗೆ ಹೇಳಲಿಲ್ಲ."

"ಲೋಕ ನಿಮ್ಮನ್ನೆಲ್ಲ ಏನು ಮಾಡ್ತಿದೆ ಅಂತ ಲೋಕಕ್ಕೆ ಗೊತ್ತಾಗೋದು ಬೇಡವಾ?"

"ಲೋಕ ಅಂದ್ರೆ ನಮ್ಮಮ್ಮನಾ?"

ತುಹಾಮಿ ಕುರ್ಚಿಯನ್ನು ಮುಂದೆ ತಂದ. "ಸೀ ಶೆದ್ಲಿ, ನಾಳೆನೇ ಹಡಗು ಬರುತ್ತೆ. ಮತ್ತೆ ತೆಗೆಯೋಣ. ನನ್ನ ಕೈ, ನನ್ನ ಕತ್ತರಿ, ಒಂದು ಗಳಿಗೆ ಕೆಲಸ."

"ಮತ್ತೆ ತೆಗೆದ್ರೆ ನಟನೆ ಬರುತ್ತೆ" ಎಂದ ಶೆದ್ಲಿ. "ನಂಗೆ ನಟನೆ ಬೇಡ. ನಾನು ಒಂದು ಸಲ ಜನರನ್ನ ಚಿತ್ರದಿಂದ ಕತ್ತರಿಸಿದವನು. ಇನ್ನು ಯಾರನ್ನೂ ಕತ್ತರಿಸಲ್ಲ."

ಇದನ್ನು ಅವನು ಅಷ್ಟು ನಂಬಿಕೆಯಿಂದ, ಅಷ್ಟು ಆರ್ದ್ರವಾಗಿ ಹೇಳಿದನೆಂದರೆ, ಒಂದು ಕ್ಷಣ ನಾವೆಲ್ಲ ಅವನನ್ನು ಕೇಳುತ್ತಿರುವುದೇ ತಪ್ಪೆಂದು ತೋರಿತು. ದಲಂದಾ ತಂಗಿಯ ಕೈಗಳನ್ನೂ ನೋಡದೆ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೈಗಳನ್ನು ಕುಪ್ಪಸದ ಜೇಬಿನೊಳಗೆ ಇಳಿಸಿದಳು. ಕೈಮಾತಿನವರಿಗೆ ಬಾಯಿ ಮುಚ್ಚುವುದೆಂದರೆ ಅದೇ.

ರಾಜಧಾನಿಯ ಒಂದು ಚಿತ್ರೋತ್ಸವದವರು ಆ ಚಿತ್ರವನ್ನು ಆರಿಸಿದರು, ಆದರೆ ಕೈಮಾತಿಗೆ ಅಡಿಬರಹ ಬೇಕೆಂದರು. ಅಡಿಬರಹ ಕೂಡದೆಂದು ವರ್ಷಗಟ್ಟಲೆ ಹಟ ಹಿಡಿದವನು ಆ ಹಟವನ್ನು ಒಂದು ದೂರವಾಣಿ ಕರೆಯಲ್ಲಿ ಬಿಟ್ಟುಕೊಟ್ಟ. ಫಾತೆನ್ ಅನುವಾದಿಸುವುದಿಲ್ಲ ಎಂದಳು. ಮಾತು ನಿಮಗೂ ಗೊತ್ತಲ್ಲ, ನೀವೇ ಬರೆದುಕೊಡಿ ಎಂದು ನನ್ನನ್ನು ಕೇಳಿದ. ಅದು ನನ್ನಿಂದಾಗದು ಎಂದೆ. "ಮೇಷ್ಟ್ರೇ, ನೀವು ಯಾವತ್ತೂ ಹೆದರುಪುಕ್ಕಲರೇ" ಎಂದು ನಕ್ಕು, ರಾಜಧಾನಿಯಲ್ಲೇ ಕೈಮಾತು ಬಲ್ಲವರೊಬ್ಬರಿಂದ ಬರೆಸಿಕೊಂಡ. ಬಹುಮಾನ ಬಂತು. ದೊಡ್ಡ ಹೋಟೆಲುಗಳ ಸಭೆಗಳಿಗೆ ಕರೆ ಬಂತು. ಅಲ್ಲೆಲ್ಲ ಅವನು ಎದ್ದು ನಿಂತು, ಒಬ್ಬರ ಮಾತನ್ನು ಇನ್ನೊಬ್ಬರು ಆಡಬಾರದು ಎಂದು ಮನಮುಟ್ಟುವಂತೆ ಭಾಷಣ ಮಾಡಿದ. ಜನ ಕಣ್ಣೊರೆಸಿಕೊಂಡರು.

ಚಿತ್ರ ಫೋನುಗಳಿಗೆ ಬಂತು, ಫೋನುಗಳಿಂದ ಊರಿನ ಹೆಂಗಸರೆಲ್ಲ ಸೇರುವ ಸಾರ್ವಜನಿಕ ಸ್ನಾನದ ಮನೆಗೆ ಬಂತು. ಬಹಿಜಾಳಿಗೆ ಓದು ಬಾರದು. ಪಕ್ಕದಲ್ಲಿ ಕುಳಿತವಳು ಅಡಿಬರಹವನ್ನು ಗಟ್ಟಿಯಾಗಿ ಓದಿ ಹೇಳಿದಳಂತೆ, ನೀರು ಹುಯ್ಯುವವರೂ ಕೈ ನಿಲ್ಲಿಸಿ ಕೇಳುವ ಹಾಗೆ. ಆ ಮಧ್ಯಾಹ್ನವೇ ಒದ್ದೆ ತಲೆಯಲ್ಲಿ ಅವಳು ಶೆದ್ಲಿಯ ಅಂಗಡಿಗೆ ಬಂದಳು. ಕೂಗಾಡುತ್ತಾಳೆಂದು ನಾವು ಎದ್ದು ನಿಂತೆವು. ಅವಳು ಕೂಗಲಿಲ್ಲ.

"ನನ್ನ ಮಗಳ ಕೈಮಾತು ನಂಗೆ ಬರಲ್ಲ ಕಣಪ್ಪ. ಅವಳು ಹುಟ್ಟಿದಾಗಿಂದ ಬರಲಿಲ್ಲ, ಕಲೀಲೂ ಇಲ್ಲ. ಅದು ನನ್ನ ಪಾಪ. ಆದ್ರೆ ನಾನು ಆಡಿದ್ದನ್ನ ಅವಳು ನೋಡಿದ್ಲು, ನೋಡಿ ನುಂಗಿಕೊಂಡ್ಲು. ನನ್ನ ಮುಖ ಉಳಿಸೋಕೆ ದಿನಾ ನನ್ನ ಕೈಯ ಊಟ ಮಾಡಿದ್ಲು. ಅವಳು ನಂಗೆ ಹೇಳಬಾರದು ಅಂದ್ಕೊಂಡಿದ್ದನ್ನ ಹೇಳೋಕೆ ನೀನ್ಯಾರಯ್ಯಾ?"

"ತಾಯೀ, ನೀವು ಆ ಮಾತನ್ನ ಆಡಬಾರದಿತ್ತು" ಎಂದ ಶೆದ್ಲಿ.

"ಆಡಬಾರದಿತ್ತು" ಎಂದಳು ಬಹಿಜಾ. "ಅದನ್ನ ನಂಗೆ ಹೇಳೋ ಹಕ್ಕು ಅವಳೊಬ್ಬಳದು. ಅದನ್ನೂ ನೀನೇ ತಗೊಂಡೆ."

ದಲಂದಾ ಅದಾದ ಮೇಲೆ ತಾಯಿಯೊಡನೆ ಒಂದೇ ಮನೆಯಲ್ಲಿ ಇರಲಾರದೆ ದೂರದ ನಾಬೆಲ್ ಪಟ್ಟಣದ ಒಂದು ಹೊಲಿಗೆಯ ಅಂಗಡಿ ಸೇರಿದಳು. ಎಲ್ಲರಿಗೂ ಎಲ್ಲವೂ ಗೊತ್ತಿರುವ ಮನೆಯಲ್ಲಿ ಯಾರು ತಾನೆ ಊಟಕ್ಕೆ ಕೂರಬಲ್ಲರು. ಕಿವುಡರು ಸಭಾಂಗಣಕ್ಕೆ ಬರುವುದನ್ನು ನಿಲ್ಲಿಸಿದರು. ಅವರಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ಅವರು ಶೆದ್ಲಿಗೆ ಇಟ್ಟಿದ್ದದ್ದು ತಲೆಯ ಮೇಲೆ ಕುಲಾವಿ ಎಳೆದುಕೊಳ್ಳುವ ಸನ್ನೆ. ಈಗ ಎರಡು ಬೆರಳುಗಳಿಂದ ಇನ್ನೊಬ್ಬರ ಜೇಬಿನೊಳಗಿನದನ್ನು ಎತ್ತುವ ಸನ್ನೆಯೇ ಅವನ ಹೆಸರು. ಅದನ್ನು ಅವನಿಗೆ ಯಾರೂ ಹೇಳಲಿಲ್ಲ. ಅವನೆದುರಿಗೇ ಆಡಿಕೊಂಡರೂ ಅವನಿಗೆ ಕಾಣುವಂತಿರಲಿಲ್ಲ.

ಕೊನೆಗೆ ಉಳಿದವನು ತುಹಾಮಿ. ಒಂದು ಸಂಜೆ ಪೈನ್ ಬೀಜ ಹಾಕಿದ ಚಹಾ ಕುಡಿಯುತ್ತ ಕುಳಿತಿದ್ದಾಗ ಶೆದ್ಲಿ ಥಟ್ಟನೆ ಕೇಳಿದ: "ಆ ದಿನ ದಲಂದಾ ಅಂಗಡಿಗೆ ಬಂದು ನಿಂತಿದ್ಲಲ್ಲ, ಅವಳ ಮುಖ ಹೇಗಿತ್ತೋ?"

ತುಹಾಮಿ ಲೋಟ ಕೆಳಗಿಟ್ಟ. "ಅದನ್ನ ನಾನು ಹೇಳಲ್ಲ, ಸೀ ಶೆದ್ಲಿ."

"ಯಾಕೋ? ಅಷ್ಟು ಕೋಪವಿತ್ತಾ?"

"ಹೇಳಿದ್ರೆ ಅದನ್ನೂ ಚಿತ್ರ ಮಾಡ್ತೀರ."

ಶೆದ್ಲಿ ತನ್ನ ಲೋಟ ಖಾಲಿ ಮಾಡಿದ. ಕ್ಷಮೆ ಕೇಳಲು ನಾಬೆಲ್‌ಗೆ ಹೋಗುತ್ತಾನೇನೋ ಎಂದು ನಾನು ಕಾದೆ. ಅವನು ಹೋಗಲಿಲ್ಲ. ಹೊಸಬರನ್ನು ಕೂಡಿಸಿಕೊಂಡು ಇನ್ನೂ ಕೆಲವು ಚಿತ್ರಗಳನ್ನು ಮಾಡಿದ. ಅವು ಒಳ್ಳೆಯ ಚಿತ್ರಗಳೇ. ಎದೆನೋವಿನಿಂದ ಅವನು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಅವನ ನೆನಪಿನ ದಿನ ನಾವಿಕರ ಸಂಘದವರು ಆ ಸೇತುವೆಯ ಚಿತ್ರವನ್ನೇ ತೋರಿಸುತ್ತಾರೆ, ಅಡಿಬರಹದೊಡನೆ. ದಲಂದಾ ಪ್ರತಿ ವರ್ಷವೂ ಆ ತೆರೆಯ ಮೇಲೆ ತನ್ನ ತಾಯಿಯ ಮಾತನ್ನು ಹೊಸ ಹೊಸ ಅಪರಿಚಿತರಿಗೆ ಹೇಳುತ್ತಾಳೆ, ಪ್ರತಿ ವರ್ಷವೂ ಚಪ್ಪಾಳೆ ಬೀಳುತ್ತದೆ. ಆ ತುಂಡನ್ನು ಕತ್ತರಿಸಿರೆಂದು ಫಾತೆನ್ ಬರೆದ ಮನವಿಗೆ, ಕಲಾವಿದನ ಕೃತಿಗೆ ಕೈ ಹಚ್ಚಲು ನಾವು ಯಾರು ಎಂಬ ಉತ್ತರ ಬಂತು.

ಶೆದ್ಲಿ ಕೆಟ್ಟವನಲ್ಲ. ಅವನು ಕೆಟ್ಟವನಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಹಬ್ಬದ ದಿನ ಒಳಕೋಣೆಯಲ್ಲಿ ಕೂರುತ್ತಿದ್ದ ಎಷ್ಟೋ ಜನರನ್ನು ಬಾಗಿಲಾಚೆ ತಂದವನು ಅವನೇ. ಅವರಲ್ಲಿ ಕೆಲವರು ಇಂದಿಗೂ ಅವನ ಹೆಸರು ಹೇಳಿ ಕಣ್ಣು ತುಂಬಿಕೊಳ್ಳುತ್ತಾರೆ, ಅದೂ ನಿಜವೇ. ಇಂಥವರನ್ನು ನಾನು ಶಾಲೆಯಲ್ಲಿ, ಸಂಘಗಳಲ್ಲಿ, ರಾಜಕೀಯದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ಲೋಕ ಒಂದು ಗಾಯ ಮಾಡಿರುತ್ತದೆ. ಆ ಗಾಯವನ್ನು ಅವರು ಮುಚ್ಚಿಡದೆ ಧೈರ್ಯದಿಂದ ತೋರಿಸುತ್ತಾರೆ, ಅದರಿಂದ ಅವರಿಗೂ ಇತರರಿಗೂ ಒಳ್ಳೆಯದೇ ಆಗುತ್ತದೆ. ಆಮೇಲೆ ಎಲ್ಲ ಗಾಯಗಳೂ ತೋರಿಸಲೆಂದೇ ಇವೆ, ಅವೆಲ್ಲದರ ಉಸ್ತುವಾರಿ ತಮ್ಮದು ಎಂದು ಅವರು ನಂಬತೊಡಗುತ್ತಾರೆ. ಹೊರಗಿನವನು ಬಂದು ದೋಚಿದರೆ ಕಳ್ಳನೆಂದು ಕೂಗಬಹುದು. ನಮ್ಮವನೇ ನಮ್ಮ ಪರವಾಗಿ ನಮ್ಮದನ್ನು ಒಯ್ದರೆ ಏನೆಂದು ಕೂಗುವುದು? ಇಂಥವರ ಹೆಸರು ಊರಿನಲ್ಲಿ ಬಹುಕಾಲ ಉಳಿಯುತ್ತದೆ. ಅವರಿಗೆ ಬೇಡವೆಂದು ಹೇಳಿದವರು ಮಾತ್ರ ಊರು ಬಿಟ್ಟು ಹೋಗಿರುತ್ತಾರೆ.